ಅನ್ನದ ತಪ್ಪಲೆಯಲ್ಲಿ ಒಂದು ರಾತ್ರಿ

ಶಿವರಾತ್ರಿ ಕಳೆದು ಸೆಕೆ ಶುರುವಾಗಿದ್ದ ದಿನಗಳು. ನಾನಾಗ ಐದನೇ ಕ್ಲಾಸು. ನೆಂಟರು ಬರುತ್ತಾರೆಂದು ಅಮ್ಮ ರಾತ್ರಿ ದೊಡ್ಡ ತಪ್ಪಲೆಯಲ್ಲಿ ಅನ್ನಕ್ಕಿಟ್ಟಿದ್ದಳು. ಬಸ್ಸು ತಪ್ಪಿ ಅವರು ಬರಲೇ ಇಲ್ಲ. ಮಿಕ್ಕ ಅನ್ನ ಮುಚ್ಚಳ ಹಾಕಿಸಿಕೊಂಡು ಒಲೆಯ ಪಕ್ಕದಲ್ಲೇ ಬೆಳಗಿನವರೆಗೆ ಕುಳಿತಿತು. ಮಲಗುವ ಮೊದಲು ಅಜ್ಜಿ ಅದರಿಂದ ಎರಡು ಹಿಡಿ ಅನ್ನವನ್ನು ತನ್ನ ಕಲ್ಲುಮರಿಗೆಗೆ ಹಾಕಿಕೊಂಡು, ನೀರೆರೆದು, ಒಂದು ಸೌಟು ಹುಳಿಮಜ್ಜಿಗೆ ಬಿಟ್ಟು, ಉಪ್ಪು ಹಾಕಿ ಮುಚ್ಚಿಟ್ಟಿದ್ದಳು. ಅದು ಅವಳ ದಿನನಿತ್ಯದ ಪದ್ಧತಿ.

ಬೆಳಿಗ್ಗೆ ತಪ್ಪಲೆಯ ಅನ್ನ ಚಿತ್ರಾನ್ನವಾಯಿತು. ಎಂಟು ಗಂಟೆಗೆ ನಾನು, ಅಣ್ಣ, ಅಪ್ಪ ತಿಂದೆವು. ಹತ್ತೂವರೆಗೆ ಸ್ಕೂಲಿನಲ್ಲಿ ನನಗೆ ವಾಂತಿ ಶುರುವಾಯಿತು. ಇನ್ನೊಂದು ಕ್ಲಾಸಿನಲ್ಲಿ ಅಣ್ಣನಿಗೂ. ಇಬ್ಬರನ್ನೂ ಮನೆಗೆ ಕಳಿಸಿದಾಗ ಅಪ್ಪ ಆಗಲೇ ಆಫೀಸಿನಿಂದ ಬಂದು ಮಲಗಿದ್ದರು. ಅಮ್ಮ ತಡವಾಗಿ ತಿಂದವಳು, ಅವಳದು ಮಧ್ಯಾಹ್ನ ಶುರುವಾಯಿತು. ಜ್ವರವಿಲ್ಲ, ಭೇದಿಯೂ ಅಷ್ಟಾಗಿ ಇಲ್ಲ, ಬರೀ ವಾಂತಿ. ಸಂಜೆಯ ಹೊತ್ತಿಗೆ ಎಲ್ಲರೂ ಎದ್ದು ಕುಳಿತೆವು. ಆ ಇಡೀ ದಿನ ಓಡಾಡಿ ನಮ್ಮನ್ನೆಲ್ಲ ನೋಡಿಕೊಂಡವಳು ಅಜ್ಜಿ. ಅದೇ ತಪ್ಪಲೆಯ ಅನ್ನವನ್ನು ಹಸಿಮೆಣಸಿನಕಾಯಿ, ಈರುಳ್ಳಿ ಕಚ್ಚಿಕೊಂಡು ಉಂಡವಳಿಗೆ ಏನೂ ಆಗಿರಲಿಲ್ಲ.

ಅಪ್ಪ ಎಣ್ಣೆಯ ಮೇಲೆ ಅನುಮಾನಪಟ್ಟರು. ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಅಮ್ಮ ಮಾತ್ರ ಒಂದೇ ಮಾತನ್ನು ಮತ್ತೆಮತ್ತೆ ಹೇಳುತ್ತಿದ್ದಳು: "ಒಗ್ಗರಣೆಗೆ ಹಾಕಿ ಹಬೆಯಾಡೋವರೆಗೂ ಬಿಸಿ ಮಾಡಿದೀನಿ. ಅದರಲ್ಲಿ ಯಾವ ಕ್ರಿಮಿ ಉಳಿಯತ್ತೆ?"

ಅಮ್ಮನ ಪ್ರಶ್ನೆ ಸರಿಯಾದ ಪ್ರಶ್ನೆಯಾಗಿತ್ತು. ಅದಕ್ಕೆ ಉತ್ತರ ಸಿಗಲು ನಾನು ಸೂಕ್ಷ್ಮಜೀವಿಶಾಸ್ತ್ರ ಓದುವವರೆಗೆ ಕಾಯಬೇಕಾಯಿತು.

ಬೆಂಕಿ ಕ್ರಿಮಿಗಳನ್ನು ಕೊಲ್ಲುತ್ತದೆ ಎಂಬ ನಂಬಿಕೆ ಬಹುಪಾಲು ನಿಜ. ಟೈಫಾಯ್ಡ್ ತರುವ ಸಾಲ್ಮೊನೆಲ್ಲ, ಕಾಲರಾ ತರುವ ವಿಬ್ರಿಯೊ, ಹಸಿಹಾಲು ಹಸಿಮಾಂಸಗಳ ಕ್ಯಾಂಪಿಲೊಬ್ಯಾಕ್ಟರ್, ಕರುಳಿನ ಇ. ಕೋಲೈ ಇವೆಲ್ಲ 75 ಡಿಗ್ರಿ ಸೆಲ್ಸಿಯಸ್ ಮುಟ್ಟುವುದರೊಳಗೆ ಸಾಯುತ್ತವೆ. ಕುದಿಸಿ ಆರಿಸಿದ ನೀರು ಎಷ್ಟು ಜೀವ ಉಳಿಸಿದೆಯೋ ಲೆಕ್ಕವಿಲ್ಲ. ಆದರೆ ಕುದಿತಕ್ಕೆ ಜಗ್ಗದ ಎರಡು ಸಂಗತಿಗಳಿವೆ. ಒಂದು, ಕೆಲವು ಬ್ಯಾಕ್ಟೀರಿಯಗಳು ಕಟ್ಟಿಕೊಳ್ಳುವ ಬೀಜಾಣು. ಇನ್ನೊಂದು, ಕೆಲವು ಬ್ಯಾಕ್ಟೀರಿಯಗಳು ಆಹಾರದಲ್ಲಿ ಬಿಟ್ಟುಹೋಗುವ ನಂಜು. ನಮ್ಮ ತಪ್ಪಲೆಯಲ್ಲಿ ಎರಡೂ ಒಂದರ ಹಿಂದೊಂದು ಕೆಲಸ ಮಾಡಿದ್ದವು ಎಂದು ನನ್ನ ಊಹೆ. ಆ ಅನ್ನವನ್ನು ಯಾರೂ ಪರೀಕ್ಷೆಗೆ ಕಳಿಸಲಿಲ್ಲ; ಆದರೆ ಹೊತ್ತು, ಲಕ್ಷಣ, ತಿಂದ ಪದಾರ್ಥ ಮೂರೂ ಒಂದೇ ಜೀವಿಯ ಕಡೆಗೆ ಬೆರಳು ತೋರಿಸುತ್ತವೆ. ಅದರ ಹೆಸರು ಬ್ಯಾಸಿಲಸ್ ಸೀರಿಯಸ್.

1887ರಲ್ಲಿ ಗ್ರೇಸ್ ಮತ್ತು ಪರ್ಸಿ ಫ್ರಾಂಕ್‌ಲಂಡ್ ಎಂಬ ಇಂಗ್ಲಿಷ್ ದಂಪತಿ ದನದ ಕೊಟ್ಟಿಗೆಯೊಂದರ ಗಾಳಿಯಿಂದ ಇದನ್ನು ಹಿಡಿದು ಬೆಳೆಸಿದರು. ಗಾಜಿನ ತಟ್ಟೆಯ ಮೇಲೆ ಮೇಣದಂತೆ ಕಂಡಿದ್ದರಿಂದ ಲ್ಯಾಟಿನ್ನಿನಲ್ಲಿ ಮೇಣದ ಹೆಸರಿಟ್ಟರು. ಕೊಟ್ಟಿಗೆಯ ಗಾಳಿಯಲ್ಲಿ ಸಿಕ್ಕಿತೆಂಬುದು ಆಕಸ್ಮಿಕವೇನಲ್ಲ. ಇದರ ಮನೆ ಮಣ್ಣು. ಮಣ್ಣಿನಿಂದ ಹುಲ್ಲಿಗೆ, ಹುಲ್ಲಿನಿಂದ ಹಸುವಿಗೆ, ಸಗಣಿಗೆ, ಧೂಳಿಗೆ. ಗದ್ದೆಯ ಕೆಸರಿನಿಂದ ಭತ್ತಕ್ಕೆ, ಗಿರಣಿ ದಾಟಿ ಅಕ್ಕಿಮೂಟೆಗೆ, ಅಲ್ಲಿಂದ ನಮ್ಮ ಡಬ್ಬಿಗೆ. ದನಗಳನ್ನು ಕೊಲ್ಲುವ ನೆರಡಿ ರೋಗದ ಬ್ಯಾಕ್ಟೀರಿಯ, ಅಂದರೆ ಆಂಥ್ರಾಕ್ಸ್, ಇದರ ಹತ್ತಿರದ ದಾಯಾದಿ. ಅಕ್ಕಿಯನ್ನು ಮೂರು ಸಲವಲ್ಲ, ಹತ್ತು ಸಲ ತೊಳೆದರೂ ಇದು ಪೂರ್ತಿ ಹೋಗುವುದಿಲ್ಲ.

ಮೂಟೆಯ ಒಣ ಅಕ್ಕಿಯ ಮೇಲೆ ಇದು ಬದುಕಿರುವುದು ಬೀಜಾಣುವಾಗಿ. ನೀರು, ಆಹಾರ ತೀರುತ್ತ ಬಂದಾಗ ಈ ಬ್ಯಾಕ್ಟೀರಿಯ ತನ್ನೊಳಗೇ ಇನ್ನೊಂದು ಪುಟ್ಟ ಕೋಶವನ್ನು ಕಟ್ಟುತ್ತದೆ. ವಂಶವಾಹಿಯ ಒಂದು ಪ್ರತಿಯನ್ನು ಅದರಲ್ಲಿಟ್ಟು, ನೀರನ್ನು ಹೊರಗೆ ಹಿಂಡಿ, ಕ್ಯಾಲ್ಸಿಯಂ ಸೇರಿದ ಒಂದು ವಿಶೇಷ ಆಮ್ಲವನ್ನು ಒಳಗೆ ತುಂಬಿ, ಸುತ್ತಲೂ ಪ್ರೋಟೀನಿನ ಪದರದ ಮೇಲೆ ಪದರ ಹೊದಿಸುತ್ತದೆ. ಆಮೇಲೆ ಹೊರಗಿನ ತಾಯಿಕೋಶ ಒಡೆದುಹೋಗುತ್ತದೆ. ಉಳಿದ ಬೀಜಾಣುವಿಗೆ ಊಟವಿಲ್ಲ, ಬೆಳವಣಿಗೆಯಿಲ್ಲ. ವರ್ಷಗಟ್ಟಲೆ ಹೀಗೆಯೇ ಇರಬಲ್ಲದು. ಒಳಗೆ ನೀರೇ ಕಡಿಮೆಯಾದ್ದರಿಂದ ಕುದಿಯುವ ನೀರೂ ಅದರ ಪ್ರೋಟೀನುಗಳನ್ನು ಸುಲಭವಾಗಿ ಕೆಡಿಸಲಾರದು.

ಈ ಬೀಜಾಣುಗಳು ವಿಜ್ಞಾನಿಗಳನ್ನು ಸಾಕಷ್ಟು ಕಾಡಿಸಿವೆ. 1870ರ ದಶಕದಲ್ಲಿ ಲಂಡನ್ನಿನ ಜಾನ್ ಟಿಂಡಾಲ್ ಒಣಹುಲ್ಲಿನ ಕಷಾಯವನ್ನು ಗಂಟೆಗಟ್ಟಲೆ ಕುದಿಸಿ ಮುಚ್ಚಿಟ್ಟರೂ ಅದು ಮತ್ತೆ ಬಗ್ಗಡವಾಗುತ್ತಿತ್ತು. ಹುಲ್ಲಿನ ಬ್ಯಾಕ್ಟೀರಿಯಕ್ಕೆ ಶಾಖ ತಾಳುವ ಬೀಜಾಣುಗಳಿವೆ ಎಂದು ಜರ್ಮನಿಯ ಫರ್ಡಿನಾಂಡ್ ಕೋನ್ 1876ರಲ್ಲಿ ತೋರಿಸಿದ್ದರು. ಟಿಂಡಾಲ್ ಮರುವರ್ಷ ಒಂದು ಉಪಾಯ ಕಂಡುಕೊಂಡರು. ಕಷಾಯವನ್ನು ಸ್ವಲ್ಪ ಹೊತ್ತು ಕುದಿಸಿ, ಹಾಗೇ ಇಟ್ಟು, ಮತ್ತೆ ಕುದಿಸುವುದು. ಹೀಗೆ ಕೆಲವು ಸಲ. ನಡುವಿನ ಬಿಡುವಿನಲ್ಲಿ ಬೀಜಾಣು ಒಳ್ಳೆಯ ಕಾಲ ಬಂತೆಂದು ಕವಚ ಕಳಚಿ ಮೊಳೆಯುತ್ತದೆ. ಮೊಳೆತ ಬ್ಯಾಕ್ಟೀರಿಯ ಮೆತ್ತಗಿನ ಜೀವಿ. ಮುಂದಿನ ಕುದಿತದಲ್ಲಿ ಸಾಯುತ್ತದೆ.

ಅನ್ನ ಮಾಡಿ ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಬಿಸಿ ಮಾಡುವಾಗ ನಾವು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ವ್ಯತ್ಯಾಸ ಒಂದೇ: ಟಿಂಡಾಲ್ ಕೊಟ್ಟ ಬಿಡುವು ಬೀಜಾಣು ಮೊಳೆಯುವುದಕ್ಕಷ್ಟೇ ಸಾಕಾಗುತ್ತಿತ್ತು. ನಾವು ಕೊಡುವ ಬಿಡುವು ಅದು ಮೊಳೆತು, ಸಂಸಾರ ಹೂಡಿ, ನಂಜು ಸುರಿಸುವುದಕ್ಕೂ ಸಾಕಾಗುತ್ತದೆ. ಬೆಳಿಗ್ಗೆಯ ಬಿಸಿ ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ, ನಂಜು ಅಲ್ಲೇ ಉಳಿಯುತ್ತದೆ.

ಅನ್ನ ಬೇಯುವ ಬಿಸಿಯೇ ಬೀಜಾಣುವಿಗೆ ಎಬ್ಬಿಸುವ ಗಂಟೆ ಎಂಬುದು ನನ್ನನ್ನು ಈಗಲೂ ಬೆರಗುಗೊಳಿಸುವ ಸಂಗತಿ. ಒಂದಿಷ್ಟು ಶಾಖ ತಾಗಿದ ಬೀಜಾಣು ತಾಗದಿದ್ದದ್ದಕ್ಕಿಂತ ಚುರುಕಾಗಿ ಮೊಳೆಯುತ್ತದೆ. ಜೊತೆಗೆ ಅದೇ ಕುದಿತ ಅಕ್ಕಿಯ ಮೇಲಿದ್ದ ಬೇರೆಲ್ಲ ಸೂಕ್ಷ್ಮಜೀವಿಗಳನ್ನು ಕೊಂದು ಜಾಗ ಖಾಲಿ ಮಾಡಿಕೊಟ್ಟಿರುತ್ತದೆ. ಎದ್ದು ನೋಡಿದರೆ ಮೆತ್ತಗೆ ಬೆಂದ ಪಿಷ್ಟ, ಬೇಕಾದಷ್ಟು ತೇವ, ಬೆಚ್ಚನೆಯ ತಪ್ಪಲೆ, ಎದುರಾಳಿ ಒಬ್ಬನೂ ಇಲ್ಲ.

ಬ್ಯಾಸಿಲಸ್ ಸೀರಿಯಸ್‌ಗೆ ಬಹಳ ಹಿತವಾದದ್ದು 30ರಿಂದ 37 ಡಿಗ್ರಿ. ಈ ಶಾಖದಲ್ಲಿ ಅನ್ನದೊಳಗೆ ಸುಮಾರು ಅರ್ಧ ಗಂಟೆಗೊಮ್ಮೆ ಒಂದು ಎರಡಾಗುತ್ತದೆ. ಹತ್ತು ಗಂಟೆಯಲ್ಲಿ ಇಪ್ಪತ್ತು ಸಲ. ಎರಡನ್ನು ಇಪ್ಪತ್ತು ಸಲ ಗುಣಿಸಿ ನೋಡಿ: ಒಂದು ಇದ್ದದ್ದು 10 ಲಕ್ಷ ದಾಟುತ್ತದೆ. ಮೊಳೆಯಲು ಹಿಡಿಯುವ ಮೊದಲ ಒಂದೆರಡು ಗಂಟೆ ಕಳೆದರೂ ಗ್ರಾಮಿಗೆ ಲಕ್ಷ ಮುಟ್ಟುವುದು ಕಷ್ಟವಲ್ಲ, ಕಾಯಿಲೆ ಬೀಳಿಸಲು ಸಾಮಾನ್ಯವಾಗಿ ಬೇಕಾಗುವುದು ಅಷ್ಟೇ. ತಪ್ಪಲೆ ದೊಡ್ಡದಾದಷ್ಟೂ ಕಷ್ಟ ಹೆಚ್ಚು. ಬಟ್ಟಲಲ್ಲಿಟ್ಟ ಅನ್ನ ಬೇಗ ಆರಿ ಹೋಗುತ್ತದೆ. ಮುಚ್ಚಿದ ತಪ್ಪಲೆಯ ನಡುವಿನ ಅನ್ನ ಕಂಬಳಿ ಹೊದ್ದಂತೆ ಹೊತ್ತುಗಟ್ಟಲೆ ಆ ಹಿತವಾದ ಶಾಖದಲ್ಲೇ ಇರುತ್ತದೆ. ಆ ದಿನ ಬಾರದೆ ಹೋದ ನೆಂಟರಿಗಾಗಿ ಮಾಡಿದ ಅನ್ನ ಅಂಥದ್ದು.

ಕುಕ್ಕರಿನಲ್ಲಿ ಮಾಡಿದ ಅನ್ನವಾದರೆ? ಎಂದು ಕೇಳುವವರಿದ್ದಾರೆ. ಕುಕ್ಕರಿನ ಒಳಗೆ ಒತ್ತಡದಿಂದ ಶಾಖ 120 ಡಿಗ್ರಿಯ ಹತ್ತಿರಕ್ಕೆ ಏರುವುದರಿಂದ ಬೀಜಾಣುಗಳು ಬಹಳಷ್ಟು ಸಾಯುತ್ತವೆ. ಆದರೆ ಮುಚ್ಚಳ ತೆಗೆದ ಮೇಲೆ ಸೌಟು, ಕೈ, ಧೂಳು ಎಲ್ಲವೂ ಹೊಸ ಬೀಜಾಣುಗಳನ್ನು ತರುತ್ತವೆ. ಕುಕ್ಕರನ್ನು ನಂಬಿ ಅನ್ನವನ್ನು ಬೆಳಗಿನವರೆಗೆ ಹೊರಗಿಡಲು ನಾನು ಹೇಳಲಾರೆ.

ಈ ಬ್ಯಾಕ್ಟೀರಿಯ ಕಾಯಿಲೆ ತರುತ್ತದೆಂದು ತೋರಿಸಿದವರು ನಾರ್ವೆಯ ಸ್ಟೈನಾರ್ ಹೌಗೆ. 1947 ಮತ್ತು 1949ರ ನಡುವೆ ಓಸ್ಲೋದಲ್ಲಿ ಸುಮಾರು 600 ಜನ ಹೊಟ್ಟೆನೋವು ಭೇದಿಯಿಂದ ನರಳಿದರು. ಅವರೆಲ್ಲ ತಿಂದಿದ್ದು ಸಿಹಿತಿಂಡಿಯ ಮೇಲೆ ಸುರಿಯುವ ವೆನಿಲ್ಲಾ ಸಾಸು. ಮೆಕ್ಕೆಜೋಳದ ಪಿಷ್ಟದಿಂದ ಅದನ್ನು ಹಿಂದಿನ ದಿನವೇ ಕಾಯಿಸಿ ಹೊರಗಿಟ್ಟಿದ್ದರು. ಸಾಸಿನ ತುಂಬ ಬ್ಯಾಸಿಲಸ್ ಸೀರಿಯಸ್ ಇತ್ತು; ಆದರೆ ಮಣ್ಣಿನ ನಿರುಪದ್ರವಿ ಎಂದು ಎಲ್ಲರೂ ಎಣಿಸಿದ್ದ ಜೀವಿಯನ್ನು ದೂರುವುದು ಹೇಗೆ? ಹೌಗೆ ಒಳ್ಳೆಯ ಸಾಸಿಗೆ ಆ ಬ್ಯಾಕ್ಟೀರಿಯವನ್ನು ಬೆರೆಸಿ, ಬೆಳೆಯಲು ಬಿಟ್ಟು, ತಾವೇ ಒಂದು ಲೋಟದಷ್ಟು ಕುಡಿದರು. ಅರ್ಧ ದಿನ ಕಳೆದ ಮೇಲೆ ಹೊಟ್ಟೆ ನುಲಿಯತೊಡಗಿತು. ಭೇದಿ ಗಂಟೆಗಟ್ಟಲೆ ನಿಲ್ಲಲಿಲ್ಲ. ಇನ್ನೊಬ್ಬರಿಗೆ ಕುಡಿಸುವ ಬದಲು ತಾವು ಕುಡಿದ ಈ ಮನುಷ್ಯನ ಬಗ್ಗೆ ನನಗೆ ತುಂಬ ಗೌರವ.

ಆದರೆ ಹೌಗೆ ಕಂಡದ್ದು ಈ ಜೀವಿಯ ಒಂದು ಮುಖ. ಭೇದಿ ತರುವ ಆ ನಂಜು ಬ್ಯಾಕ್ಟೀರಿಯ ನಮ್ಮ ಕರುಳು ಮುಟ್ಟಿದ ಮೇಲೆ ತಯಾರಾಗುವಂಥದ್ದು. ಅದಕ್ಕೇ ಅಷ್ಟು ತಡ. ಇನ್ನೊಂದು ಮುಖ ಕಂಡದ್ದು 1970ರ ದಶಕದ ಆರಂಭದಲ್ಲಿ, ಬ್ರಿಟನ್ನಿನ ಚೈನೀಸ್ ಹೋಟೆಲುಗಳ ಫ್ರೈಡ್ ರೈಸಿನಲ್ಲಿ. ತಿಂದವರಿಗೆ ಒಂದರಿಂದ ಐದಾರು ಗಂಟೆಯೊಳಗೆ ವಾಂತಿ. ಅಡುಗೆಯವರನ್ನು ವಿಚಾರಿಸಿದಾಗ ಕಾರಣ ಹೊರಬಿತ್ತು. ಫ್ರಿಜ್ಜಿನಲ್ಲಿಟ್ಟ ಅನ್ನ ಮುದ್ದೆಗಟ್ಟಿ ಹುರಿಯುವಾಗ ಉದುರುದುರಾಗಿ ಬರುವುದಿಲ್ಲವೆಂದು, ಬೇಯಿಸಿದ ಅನ್ನವನ್ನು ಅವರು ರಾತ್ರಿಯಿಡೀ ಹೊರಗೇ ಬಿಡುತ್ತಿದ್ದರು. ಚಿತ್ರಾನ್ನಕ್ಕೆ ಹಿಂದಿನ ರಾತ್ರಿಯ ಅನ್ನವೇ ಚೆನ್ನ ಎನ್ನುವ ನಮ್ಮ ಅಡುಗೆಮನೆಗಳ ಲೆಕ್ಕವೂ ಇದೇ ತಾನೆ.

ಆ ಅನ್ನದಲ್ಲಿ ಮೊದಲೇ ತಯಾರಾಗಿರುವ ನಂಜಿಗೆ ಸೀರಿಯುಲೈಡ್ ಎಂದು ಹೆಸರು. ಹನ್ನೆರಡು ಮಣಿಗಳನ್ನು ಪೋಣಿಸಿ ತುದಿಗೆ ತುದಿ ಕಟ್ಟಿದ ಬಳೆಯಂತಿರುವ ಸಣ್ಣ ಅಣು. ಮೊಟ್ಟೆಯ ಬಿಳಿಯಂಥ ಪ್ರೋಟೀನು ಬಿಸಿಗೆ ಬಿಚ್ಚಿಕೊಂಡು ಗಟ್ಟಿಯಾಗುತ್ತದೆ; ಈ ಬಳೆಗೆ ಬಿಚ್ಚಿಕೊಳ್ಳಲು ತುದಿಯೇ ಇಲ್ಲ. 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಇಟ್ಟರೂ ಅದು ಹಾಗೇ ಇರುತ್ತದೆ. ಹೊಟ್ಟೆಯ ಆಮ್ಲಕ್ಕೂ ಜಗ್ಗುವುದಿಲ್ಲ, ಜೀರ್ಣರಸಕ್ಕೂ ಕರಗುವುದಿಲ್ಲ. ಅಮ್ಮನ ಒಗ್ಗರಣೆಯ ಬಾಣಲೆ ಅದನ್ನು ಏನು ಮಾಡೀತು? ಕೊನೆಗೆ ಹಿಂಡಿದ ನಿಂಬೆಹಣ್ಣೂ ಅಷ್ಟೇ.

ಇದು ವಾಂತಿ ಹೇಗೆ ತರಿಸುತ್ತದೆಂದು ಕಂಡುಹಿಡಿಯಲು ನೆರವಾದದ್ದು ನಮ್ಮ ಹಳೆಯ ಮನೆಗಳ ಗೋಡೆಯಂಚಿನಲ್ಲಿ ಕಿಚಕಿಚ ಎನ್ನುತ್ತ ಓಡುವ, ಕೆಟ್ಟ ವಾಸನೆಯ ಸುಂಡಿಲಿ. ಪ್ರಯೋಗಾಲಯದ ಇಲಿಗಳಿಗೆ ವಾಂತಿ ಮಾಡಲು ಬರುವುದೇ ಇಲ್ಲ, ಸುಂಡಿಲಿಗೆ ಬರುತ್ತದೆ. ಜಪಾನಿನ ವಿಜ್ಞಾನಿಗಳು 1995ರಲ್ಲಿ ಸುಂಡಿಲಿಗಳಿಗೆ ಸೀರಿಯುಲೈಡ್ ಕೊಟ್ಟರು. ವಾಂತಿಯಾಯಿತು. ಹೊಟ್ಟೆಯಿಂದ ಮಿದುಳಿಗೆ ಸುದ್ದಿ ಒಯ್ಯುವ ವೇಗಸ್ ನರವನ್ನು ಕತ್ತರಿಸಿದಾಗ ಆಗಲಿಲ್ಲ. ಅಂದರೆ ನಂಜು ಹೊಟ್ಟೆಯಲ್ಲಿ ನರದ ಬಾಗಿಲು ತಟ್ಟುತ್ತದೆ, ಮಿದುಳು ಹೊರಹಾಕು ಎಂದು ಆಜ್ಞೆ ಕೊಡುತ್ತದೆ. ಹೀಗಾಗಿ ಈ ವಾಂತಿಯಲ್ಲಿ ಜ್ವರವಿರುವುದಿಲ್ಲ. ಮೈಯೊಳಗೆ ಯಾವ ಸೋಂಕೂ ನಡೆದಿಲ್ಲ. ನುಂಗಿದ್ದು ನಂಜನ್ನು ಮಾತ್ರ. ಆ್ಯಂಟಿಬಯಾಟಿಕ್ ಇಲ್ಲಿ ಕೆಲಸಕ್ಕೆ ಬಾರದು. ನೀರಿನಂಶ ಕಳೆದುಹೋಗದಂತೆ ನೋಡಿಕೊಂಡರೆ ಹೆಚ್ಚಿನವರು ಒಂದು ದಿನದೊಳಗೆ ಚೇತರಿಸಿಕೊಳ್ಳುತ್ತಾರೆ.

ಹೆಚ್ಚಿನವರು ಎಂದೆ, ಎಲ್ಲರೂ ಎನ್ನಲಾರೆ. ಸೀರಿಯುಲೈಡ್ ಜೀವಕೋಶಗಳ ಶಕ್ತಿಯ ಕಾರ್ಖಾನೆಗಳಾದ ಮೈಟೊಕಾಂಡ್ರಿಯಗಳಿಗೆ ಪೊಟ್ಯಾಸಿಯಂ ನುಗ್ಗಿಸಿ ಅವುಗಳನ್ನು ಕೆಡಿಸುತ್ತದೆ. ನಂಜಿನ ಪ್ರಮಾಣ ಬಹಳ ಹೆಚ್ಚಿದ್ದರೆ ಯಕೃತ್ತು ಕೈಕೊಡುತ್ತದೆ. 2008ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ಇಪ್ಪತ್ತು ವರ್ಷದ ವಿದ್ಯಾರ್ಥಿಯೊಬ್ಬ ಐದು ದಿನ ಅಡುಗೆಮನೆಯಲ್ಲಿ ಹೊರಗೇ ಇದ್ದ ಸ್ಪಗೆಟಿಯನ್ನು ಬಿಸಿ ಮಾಡಿ ತಿಂದ. ರಾತ್ರಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಇಂಥವು ಬಹಳ ಅಪರೂಪ. ಆದರೂ ಅವನು ಬಿಸಿ ಮಾಡಿಯೇ ತಿಂದಿದ್ದ ಎಂಬುದನ್ನು ನಾನು ಮರೆಯಲಾರೆ.

ನಮ್ಮಲ್ಲಿ ಆಹಾರ ಪರೀಕ್ಷಿಸುವುದು ಮೂಗಿನಿಂದ. "ಅನ್ನ ಹಳಸಿದೆಯಾ ನೋಡು" ಎಂದರೆ ಮೂಸಿ ನೋಡು ಎಂದೇ ಅರ್ಥ. ಹಳಸಿದ ವಾಸನೆ, ಲೋಳೆ, ಬೆರಳಿಗೆ ಅಂಟುವ ನೂಲು ಇವನ್ನೆಲ್ಲ ತರುವುದು ಕೊಳೆಸುವ ಸೂಕ್ಷ್ಮಜೀವಿಗಳು. ಅವು ಕೋಟಿಗಟ್ಟಲೆ ಆದ ಮೇಲೆ ಮೂಗಿಗೆ ತಿಳಿಯುತ್ತದೆ. ನಂಜು ಕಾರುವ ಜೀವಿಗಳಿಗೆ ಅಷ್ಟು ಬೆಳೆಯುವ ಅಗತ್ಯವಿಲ್ಲ. ಹಳಸಿದ್ದನ್ನು ಎಸೆಯಿರಿ, ಸಂಶಯವೇ ಬೇಡ. ಆದರೆ ಹಳಸದ ಅನ್ನಕ್ಕೆ ಮೂಗು ಕೊಡುವ ಸರ್ಟಿಫಿಕೇಟನ್ನು ನಂಬಬೇಡಿ. ನಮ್ಮ ಚಿತ್ರಾನ್ನ ಆ ದಿನ ಘಮಘಮಿಸುತ್ತಿತ್ತು.

ಇನ್ನು ಅಜ್ಜಿಯ ಮರಿಗೆ. ಅದೇ ಅನ್ನ, ಅದೇ ಸೆಕೆ, ಅದೇ ಹತ್ತು ಗಂಟೆ. ಅಲ್ಲಿ ನಡೆದದ್ದೇನು?

ಅಲ್ಲೂ ಬ್ಯಾಕ್ಟೀರಿಯಗಳು ಬೆಳೆದಿದ್ದವು, ಬಹುಶಃ ತಪ್ಪಲೆಯದಕ್ಕಿಂತ ಹೆಚ್ಚಾಗಿಯೇ. ಆದರೆ ಅವು ಬೇರೆ ಕುಲದವು. ಒಂದು ಸೌಟು ಹುಳಿಮಜ್ಜಿಗೆಯ ಜೊತೆ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಗಳು ಕೋಟಿಗಟ್ಟಲೆ ಇಳಿದವು. ಬೀಜಾಣುಗಳು ಇನ್ನೂ ಕಣ್ಣುಜ್ಜುತ್ತಿರುವಾಗಲೇ ಅವು ಸಕ್ಕರೆ ತಿಂದು ಆಮ್ಲ ಬಿಡತೊಡಗಿದವು. ಹುಳಿಯ ತೀವ್ರತೆಯನ್ನು ಪಿಎಚ್ ಎಂಬ ಅಳತೆಯಿಂದ ಹೇಳುತ್ತಾರೆ. ಶುದ್ಧ ನೀರು 7. ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು. ಬರೀ ಅನ್ನ 6ರ ಮೇಲಿರುತ್ತದೆ, ಮೊಸರು 4.5ರ ಆಸುಪಾಸು. ಪಿಎಚ್ 5ರ ಕೆಳಗೆ ಇಳಿಯುತ್ತ ಹೋದಂತೆ ಬ್ಯಾಸಿಲಸ್ ಸೀರಿಯಸ್‌ಗೆ ಬೆಳೆಯುವುದು ದುಸ್ತರವಾಗುತ್ತದೆ. ಅಜ್ಜಿಗೆ ಇದಾವುದೂ ಗೊತ್ತಿರಲಿಲ್ಲ. "ಮಜ್ಜಿಗೆ ಬಿಡದೆ ಬರೀ ನೀರು ಹಾಕಿಡಬಾರದು" ಎಂಬುದು ಅವಳಿಗೆ ಗೊತ್ತಿತ್ತು. ಆ ಮಾತಿನ ಬೆಲೆ ಈಗ ನನಗೆ ತಿಳಿಯುತ್ತದೆ. ಬರೀ ನೀರಿನಲ್ಲೂ ಅನ್ನ ಹುಳಿಯಾಗುವುದುಂಟು. ಆದರೆ ಗಾಳಿಯಿಂದ, ಪಾತ್ರೆಯಿಂದ ಬರುವ ನಾಲ್ಕಾರು ಬ್ಯಾಕ್ಟೀರಿಯಗಳು ಸೈನ್ಯ ಕಟ್ಟುವ ಹೊತ್ತಿಗೆ ಸೆಕೆಯ ರಾತ್ರಿಯಲ್ಲಿ ತಡವಾಗಿರಬಹುದು. ಮಜ್ಜಿಗೆ ಬಿಟ್ಟರೆ ಸೈನ್ಯ ಮೊದಲೇ ಬಂದಿರುತ್ತದೆ.

ಅದೇ ಅಡುಗೆಮನೆಯ ಮೂಲೆಯಲ್ಲಿ ಇಡ್ಲಿ ಹಿಟ್ಟೂ ರಾತ್ರಿಯಿಡೀ ಕುಳಿತಿರುತ್ತದೆ. ಅದಕ್ಕೆ ನಾವು ಹೆಪ್ಪನ್ನೂ ಹಾಕುವುದಿಲ್ಲ. ಎಸ್. ಕೆ. ಮುಖರ್ಜಿ, ಕೀತ್ ಸ್ಟೈನ್‌ಕ್ರಾಸ್ ಮೊದಲಾದವರು 1965ರಲ್ಲಿ ಇಡ್ಲಿ ಹಿಟ್ಟನ್ನು ಕೂಲಂಕಷವಾಗಿ ಪರೀಕ್ಷಿಸಿ, ಉಬ್ಬುವುದಕ್ಕೂ ಹುಳಿಯಾಗುವುದಕ್ಕೂ ಮುಖ್ಯ ಕಾರಣ ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯ ಎಂದು ತೋರಿಸಿದರು. ಅದು ಬರುವುದು ಉದ್ದಿನಬೇಳೆ ಅಕ್ಕಿಗಳ ಮೈಮೇಲೆಯೇ. ಇಲ್ಲಿಯ ಗುಟ್ಟೇನೆಂದರೆ, ಇಡ್ಲಿಗೆ ಅಕ್ಕಿಯನ್ನೂ ಬೇಳೆಯನ್ನೂ ನೆನೆಸಿ ಹಸಿಯಾಗಿ ರುಬ್ಬುತ್ತೇವೆ. ಬೆಂಕಿ ತಾಗಿಲ್ಲವಾದ್ದರಿಂದ ಆಮ್ಲ ತಯಾರಿಸುವ ಬ್ಯಾಕ್ಟೀರಿಯಗಳು ಸತ್ತಿಲ್ಲ. ಅವು ಮೊದಲು ಬೆಳೆದು, ಹುಳಿ ಸುರಿಸಿ, ಉಳಿದವರಿಗೆ ಬಾಗಿಲು ಹಾಕುತ್ತವೆ. ಬೇಯಿಸಿದ ಅನ್ನದಲ್ಲಿ ಆ ಕಾವಲುಗಾರರನ್ನು ನಾವೇ ಕುದಿಸಿ ಕೊಂದಿರುತ್ತೇವೆ. ಕುದಿತಕ್ಕೆ ಬದುಕಿ ಉಳಿಯುವುದು ಬೀಜಾಣು.

ಬುತ್ತಿ ಕಟ್ಟುವಾಗ ಪುಳಿಯೋಗರೆಯನ್ನು ಆರಿಸಿಕೊಂಡವರ ಅನುಭವವೂ ಇದನ್ನೇ ಹೇಳುತ್ತದೆ. ಬೆಂದ ಕೂಡಲೇ ಅನ್ನಕ್ಕೆ ಕಲಸಿದ ಗೊಜ್ಜಿನ ಹುಣಸೆಹುಳಿ, ಉಪ್ಪು ಬೀಜಾಣುಗಳ ದಾರಿಗೆ ಅಡ್ಡ ಬರುತ್ತವೆ. ಹುಳಿ ಕಾಳುಕಾಳಿಗೂ ತಾಗಬೇಕು, ಮತ್ತು ಮೊದಲೇ ತಾಗಬೇಕು. ಬೆಳಿಗ್ಗೆ ಹಿಂಡುವ ನಿಂಬೆ ರುಚಿಗಷ್ಟೇ.

ಅಮ್ಮನ ಮೇಲೆ ಇನ್ನೊಂದು ಅನುಮಾನವೂ ಬರಬಹುದಿತ್ತು. ಚಿತ್ರಾನ್ನವನ್ನು ಅವಳು ಕೈಯಲ್ಲೇ ಕಲಸಿದ್ದಳು. ನಮ್ಮಲ್ಲಿ ಮೂರರಲ್ಲಿ ಒಬ್ಬರ ಮೂಗಿನಲ್ಲಿ ವಾಸವಾಗಿರುವ, ಬೆರಳ ಗಾಯದ ಕೀವಿನಲ್ಲಿ ತುಂಬಿರುವ ಸ್ಟೆಫಿಲೊಕಾಕಸ್ ಆರಿಯಸ್ ಕೂಡ ಒಂದರಿಂದ ಆರು ಗಂಟೆಯೊಳಗೆ ಇಂಥದೇ ವಾಂತಿ ತರುತ್ತದೆ. ಅದಕ್ಕೆ ಬೀಜಾಣುವಿಲ್ಲ, ಬಿಸಿಗೆ ಸಾಯುತ್ತದೆ. ಅದರ ನಂಜು ಮಾತ್ರ ಅರ್ಧ ಗಂಟೆ ಕುದಿಸಿದರೂ ಉಳಿಯುತ್ತದೆ. ಉಪ್ಪು, ಸಕ್ಕರೆ ಹೆಚ್ಚಿದ್ದಲ್ಲಿ ಬೇರೆಯವು ಸೊರಗಿದರೂ ಇದು ಬೆಳೆಯಬಲ್ಲದು. ಹಾಗಾಗಿ ಕೈಯಲ್ಲಿ ಉಂಡೆ ಕಟ್ಟುವ ಖೋವಾದ ಸಿಹಿಗಳು, ಕೆನೆಯ ಕೇಕುಗಳು ಇದಕ್ಕೆ ಇಷ್ಟ. 1914ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಎಂ. ಎ. ಬಾರ್ಬರ್ ಎಂಬ ವಿಜ್ಞಾನಿ ಹಸುವೊಂದರ ಹಾಲು ಕರೆದ ತಕ್ಷಣ ಕುಡಿದಾಗ ಏನೂ ಆಗದೆ, ಅದೇ ಹಾಲು ಕೆಲವು ಗಂಟೆ ಹೊರಗಿದ್ದ ಮೇಲೆ ಕುಡಿದಾಗ ಮಾತ್ರ ಕಾಯಿಲೆ ಬೀಳುವುದನ್ನು ತಮ್ಮ ಮೇಲೇ ಪ್ರಯೋಗಿಸಿ ತೋರಿಸಿದರು. ಹಸುವಿನ ಕೆಚ್ಚಲಿನಲ್ಲಿ ಸ್ಟೆಫಿಲೊಕಾಕಸ್ ಇತ್ತು. ಆ ಬ್ಯಾಕ್ಟೀರಿಯಕ್ಕೆ ನಂಜು ಕಾರಲು ಹೊತ್ತು ಬೇಕು. ಅಮ್ಮ ಕಲಸಿದ್ದು ಏಳೂವರೆಗೆ, ನಾವು ತಿಂದದ್ದು ಎಂಟಕ್ಕೆ. ಅರ್ಧ ಗಂಟೆ ಸಾಲದು. ರಾತ್ರಿ ತಪ್ಪಲೆಗೆ ಯಾರ ಕೈಯಾದರೂ ಬಿದ್ದಿದ್ದರೆ ಬೇರೆ ಮಾತು. ಅಜ್ಜಿ ಹಿಡಿ ತುಂಬಿಕೊಂಡದ್ದು ನಿಜ. ಪ್ರಯೋಗಾಲಯದ ಪರೀಕ್ಷೆಯಿಲ್ಲದೆ ಇವೆರಡನ್ನೂ ಬೇರ್ಪಡಿಸುವುದು ಕಷ್ಟ. ನಾನು ಅನ್ನದ ಪರವಾಗಿ, ಅಂದರೆ ಬ್ಯಾಸಿಲಸ್‌ನ ವಿರುದ್ಧವಾಗಿ, ವಾದಿಸುತ್ತಿದ್ದೇನೆ.

ಮತ್ತೆ ಬಿಸಿ ಮಾಡುವುದು ಎಲ್ಲ ಕಡೆಯೂ ವ್ಯರ್ಥ ಎಂದು ಯಾರೂ ತಿಳಿಯಬಾರದು. ಬಾಡೂಟದ ಕೊಪ್ಪರಿಗೆಯನ್ನೇ ನೋಡಿ. ಸಾರು ಕುದಿಯುವಾಗ ಅದರಲ್ಲಿ ಕರಗಿದ್ದ ಆಮ್ಲಜನಕ ಹೊರಹೋಗುತ್ತದೆ. ಆಳದಲ್ಲಿ, ಮಾಂಸದ ತುಂಡುಗಳ ನಡುವೆ, ಆಮ್ಲಜನಕ ಆಗದ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಬೀಜಾಣುಗಳು ಎದ್ದೇಳುತ್ತವೆ. 43ರಿಂದ 45 ಡಿಗ್ರಿಯಲ್ಲಿ ಇದು ಹತ್ತು ನಿಮಿಷಕ್ಕೂ ಕಡಿಮೆ ಹೊತ್ತಿನಲ್ಲಿ ಇಮ್ಮಡಿಯಾಗುತ್ತದೆ. ಆಹಾರದ ಬ್ಯಾಕ್ಟೀರಿಯಗಳಲ್ಲಿ ಇಷ್ಟು ಚುರುಕಿನವು ಬಹಳ ಕಡಿಮೆ. ಮಧ್ಯಾಹ್ನದ ಸಾರು ಉಗುರುಬೆಚ್ಚಗೆ ಸಂಜೆಯವರೆಗೆ ಇದ್ದರೆ ಸಾಕು. ಆದರೆ ಇದರ ನಂಜು ತಯಾರಾಗುವುದು ನಮ್ಮ ಕರುಳಿನಲ್ಲಿ, ಅದೂ ಬ್ಯಾಕ್ಟೀರಿಯ ಜೀವಂತವಾಗಿ ಅಲ್ಲಿ ತಲುಪಿದರೆ. ಆದ್ದರಿಂದ ಬಡಿಸುವ ಮೊದಲು ಸಾರನ್ನು ಮೇಲಿಂದ ಕೆಳಗೆ ತಿರುವಿ ತಳಮಳ ಕುದಿಸಿದರೆ ಕಾಯಿಲೆ ತಪ್ಪುತ್ತದೆ. ಬೆಚ್ಚಗೆ ಮಾಡಿ ಬಡಿಸಿದರೆ ತಪ್ಪುವುದಿಲ್ಲ. ಊಟವಾಗಿ ಎಂಟು ಹದಿನಾರು ಗಂಟೆಯ ಮೇಲೆ ಹೊಟ್ಟೆ ಹಿಂಡಿ ಭೇದಿಯಾಗಿ, ವಾಂತಿ ಇಲ್ಲದಿದ್ದರೆ ನಾನು ಮೊದಲು ನೆನೆಯುವುದು ಇದನ್ನೇ. ದೊಡ್ಡ ಊಟದ ಮರುದಿನ ಜನ ಮೊಸರನ್ನೋ ಐಸ್‌ಕ್ರೀಮನ್ನೋ ದೂರುತ್ತಾರೆ, ಕೊಪ್ಪರಿಗೆ ನೆನಪಿಗೇ ಬರುವುದಿಲ್ಲ.

ಮೊಳಕೆಕಾಳಿನ ವಿಷಯವನ್ನೂ ಇಲ್ಲಿ ಸೇರಿಸಲೇಬೇಕು, ಯಾಕೆಂದರೆ ಆರೋಗ್ಯಕ್ಕೆಂದು ಹಸಿಯಾಗಿ ತಿನ್ನುವವರು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. 2011ರ ಬೇಸಿಗೆಯಲ್ಲಿ ಜರ್ಮನಿಯಲ್ಲಿ 3,800ಕ್ಕೂ ಹೆಚ್ಚು ಜನ ರಕ್ತಭೇದಿಯಿಂದ ನರಳಿದರು, 50ಕ್ಕೂ ಹೆಚ್ಚು ಜನ ಸತ್ತರು. ಕಾರಣ ಇ. ಕೋಲೈನ ಒಂದು ಉಗ್ರ ಬಗೆ. ಅದರ ನಂಜು ಮೂತ್ರಪಿಂಡಗಳನ್ನು ಕೆಡಿಸುತ್ತಿತ್ತು. ಮೊದಲು ಸ್ಪೇನಿನ ಸೌತೆಕಾಯಿಯನ್ನು ದೂರಿದರು. ಅಲ್ಲಿನ ರೈತರು ಬೆಳೆದದ್ದನ್ನು ಬೀದಿಗೆ ಸುರಿಯಬೇಕಾಯಿತು. ಕೊನೆಗೆ ಜಾಡು ಹೋಗಿ ನಿಂತದ್ದು ಈಜಿಪ್ಟಿನಿಂದ ಬಂದ ಮೆಂತ್ಯದ ಕಾಳಿನ ಮೊಳಕೆಯ ಮುಂದೆ. ಕಾಳು ಮೊಳೆಯಲು ಬೇಕಾದ ತೇವ, ಬೆಚ್ಚಗಿನ ಹವೆ, ಎರಡು ಮೂರು ದಿನದ ಬಿಡುವು ಬ್ಯಾಕ್ಟೀರಿಯಕ್ಕೂ ಬೇಕಾದದ್ದೇ. ಹೆಸರುಕಾಳಿನ ಮೊಳಕೆಯನ್ನು ನಾನು ತಿನ್ನುತ್ತೇನೆ, ಹಬೆಯಲ್ಲಿ ಬೇಯಿಸಿ. ಇ. ಕೋಲೈಗೆ ಬೀಜಾಣುವಿಲ್ಲ, ಅಷ್ಟೇ ಸಾಕು.

ಫ್ರಿಜ್ಜು ಇದಕ್ಕೆಲ್ಲ ಉತ್ತರವೆಂದರೆ ಬಹುಮಟ್ಟಿಗೆ ಹೌದು. 5 ಡಿಗ್ರಿಯ ಕೆಳಗೆ ಮೇಲಿನವೆಲ್ಲ ನಿಂತೇ ಹೋಗುತ್ತವೆ ಅಥವಾ ಆಮೆಯಂತೆ ತೆವಳುತ್ತವೆ. ಅಲ್ಲೂ ಬೆಳೆಯಬಲ್ಲ ಒಂದು ಜೀವಿ ಲಿಸ್ಟೀರಿಯ ಮೊನೊಸೈಟೊಜಿನಿಸ್. 1926ರಲ್ಲಿ ಕೇಂಬ್ರಿಜ್‌ನ ಪ್ರಯೋಗಾಲಯದ ಮೊಲಗಳಲ್ಲಿ ಕಂಡದ್ದು. ಬಸುರಿಯರಿಗೆ ತಾಗಿದರೆ ಗರ್ಭಕ್ಕೇ ಕುತ್ತು. ದಕ್ಷಿಣ ಆಫ್ರಿಕದಲ್ಲಿ 2017 ಮತ್ತು 2018ರಲ್ಲಿ ಪೊಲೊನಿ ಎಂಬ ಸಿದ್ಧ ಮಾಂಸದ ಮೂಲಕ ಹರಡಿ 200ಕ್ಕೂ ಹೆಚ್ಚು ಜನರನ್ನು ಕೊಂದಿತು. ಅವರಲ್ಲಿ ಹಲವರು ಹುಟ್ಟಿ ತಿಂಗಳೂ ಆಗದ ಕೂಸುಗಳು. ಅನ್ನವನ್ನು ಫ್ರಿಜ್ಜಿನಲ್ಲಿಟ್ಟರೆ ಮರುದಿನ ಮುಗಿಸಿಬಿಡಬೇಕು, ವಾರವಿಡಬಾರದು. ಬಿಸಿ ತಪ್ಪಲೆಯನ್ನು ಹಾಗೇ ಒಳಗೆ ತಳ್ಳಿದರೂ ಪ್ರಯೋಜನವಿಲ್ಲ. ನಡುವಿನ ಅನ್ನ ಅಲ್ಲೂ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ನಾನು ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಫ್ಯಾನಿನ ಕೆಳಗೆ ಆರಿಸಿ, ಒಂದು ಗಂಟೆಯೊಳಗೆ ಒಳಗಿಡುತ್ತೇನೆ.

ಈಚೆಗೆ ಊರಿಗೆ ಹೋದಾಗ ಪಿಎಚ್ ಅಳೆಯುವ ಬಣ್ಣದ ಕಾಗದದ ಪಟ್ಟಿಗಳನ್ನು ತೆಗೆದುಕೊಂಡು ಹೋಗಿದ್ದೆ. ಅಜ್ಜಿ ಹೋಗಿ ಬಹಳ ವರ್ಷವಾಯಿತು. ಕಲ್ಲುಮರಿಗೆ ಈಗ ಅಮ್ಮನದು. ರಾತ್ರಿ ಹತ್ತಕ್ಕೆ ಎರಡು ಹಿಡಿ ಅನ್ನಕ್ಕೆ ಅವಳು ನೀರು ಮಜ್ಜಿಗೆ ಬಿಟ್ಟಳು. ಪರೀಕ್ಷೆಗೆಂದು ಇನ್ನಷ್ಟು ಅನ್ನವನ್ನು ತಪ್ಪಲೆಯಲ್ಲೇ ಬಿಡಿಸಿದೆ. ಬೆಳಿಗ್ಗೆ ಆರಕ್ಕೆ ಮರಿಗೆಯ ನೀರಿನಲ್ಲಿ ಅದ್ದಿದ ಪಟ್ಟಿ 4 ಮತ್ತು 5ರ ನಡುವಿನ ಬಣ್ಣಕ್ಕೆ ತಿರುಗಿತು. ತಪ್ಪಲೆಯ ಅನ್ನವನ್ನು ನೀರಿನಲ್ಲಿ ಕಿವುಚಿ ಅದ್ದಿದ್ದು ರಾತ್ರಿ ಇದ್ದ ಹಾಗೆ 6ರ ಮೇಲೆಯೇ ಇತ್ತು. ಅಮ್ಮ ಎರಡೂ ಪಟ್ಟಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ತಪ್ಪಲೆಯನ್ನು ಮೂಗಿನ ಹತ್ತಿರ ತಂದು ಮೂಸಿದಳು. "ಏನೂ ವಾಸನೆ ಇಲ್ಲ ಕಣೋ" ಎಂದಳು. ಆಮೇಲೆ ಅದನ್ನು ಗೊಬ್ಬರದ ಗುಂಡಿಗೆ ಸುರಿಯಲು ಹಿತ್ತಲಿಗೆ ಹೋದಳು.